ಟವರ್ ಸಿಗದ ತೋಟದಲ್ಲಿ ಲಾಗಿನ್ ಉಳಿಸುವುದು ಹೇಗೆ: ಕುಕಿ, ಜೆಡಬ್ಲ್ಯೂಟಿ, ರಿಫ್ರೆಶ್ ಟೋಕನ್, ಸಾದಾ ಟೋಕನ್

ಜನವರಿ, ರೊಬಸ್ಟಾ ಕೊಯ್ಲಿನ ಸಮಯ. ಕೊಡಗಿನ ನಾಪೋಕ್ಲು ಕಡೆಯ ಒಂದು ಕಾಫಿ ತೋಟದ ಕಣದಲ್ಲಿ ಸಂಜೆ ನಾಲ್ಕೂವರೆಗೆ ತೂಕ ಶುರುವಾಗುತ್ತದೆ. ಮೂರು ಕೋಲು ಕಟ್ಟಿ ನೇತುಹಾಕಿದ ತಕ್ಕಡಿಗೆ ಒಬ್ಬೊಬ್ಬರೇ ಬಂದು ಹಣ್ಣಿನ ಚೀಲ ಸಿಕ್ಕಿಸುತ್ತಾರೆ. ಮೇಸ್ತ್ರಿ ಕಿಲೋ ಕೂಗುತ್ತಾನೆ, ರೈಟರ್ ಫೋನಿನಲ್ಲಿ ಹೆಸರಿನ ಮುಂದೆ ಒತ್ತಿಕೊಳ್ಳುತ್ತಾರೆ. ಕಣದಲ್ಲಿ ಟವರ್ ಇಲ್ಲ. ಕೆಲಸ ಮುಗಿಸಿ ಬೈಕಿನಲ್ಲಿ ಏರು ಹತ್ತಿ ಗೇಟಿನ ಹತ್ತಿರ ಬಂದಾಗ ಒಂದು ಕಡ್ಡಿ ಕಾಣಿಸುತ್ತದೆ, ತಿರುವು ದಾಟಿದರೆ ಅದೂ ಹೋಯಿತು. ಆ ಅರ್ಧ ನಿಮಿಷದಲ್ಲಿ ನಾನು ಬರೆದ ಆ್ಯಪ್ ದಿನದ ಲೆಕ್ಕವನ್ನೆಲ್ಲ ಸರ್ವರಿಗೆ ಕಳಿಸಿಬಿಡಬೇಕು.

ಒಂದು ದಿನ ರೈಟರ್ ಫೋನ್ ಮಾಡಿದರು. "ಸಾರ್, ಆ್ಯಪ್ ಪುನಃ ಹೊರಗೆ ಹಾಕಿದೆ. ಒಟಿಪಿ ಕೇಳ್ತಿದೆ. ಸಾಹುಕಾರ್ರು ಬೆಂಗಳೂರಲ್ಲಿದ್ದಾರೆ, ಫೋನ್ ಎತ್ತುತ್ತಿಲ್ಲ."

ಒಟಿಪಿ ಹೋಗುತ್ತಿದ್ದದ್ದು ಸಾಹುಕಾರರ ನಂಬರಿಗೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಲಾಗೌಟ್ ಆದರೆ ಫೋನಿನಲ್ಲಿರುವ ಡೇಟಾ ಅಳಿಸಬೇಕೆಂದು ನಾನೇ ಕೋಡ್ ಬರೆದಿದ್ದೆ. ಇನ್ನೂ ಸರ್ವರ್ ತಲುಪದಿದ್ದ ಮೂರು ದಿನದ ತೂಕ ಅದರ ಜೊತೆಗೇ ಹೋಯಿತು. ಕೂಲಿ ಕಿಲೋ ಲೆಕ್ಕದ್ದು. ರೈಟರ್ ನನ್ನ ಆ್ಯಪನ್ನು ಪೂರ್ತಿ ನಂಬದೆ ಪುಸ್ತಕದಲ್ಲೂ ಬರೆದಿಟ್ಟುಕೊಂಡಿದ್ದರಿಂದ ಮಾನ ಉಳಿಯಿತು.

ಲಾಗಿನ್ ಉಳಿಸುವ ವಿಧಾನಗಳ ಬಗ್ಗೆ ಓದಲು ಬೇಕಾದಷ್ಟಿದೆ. ಹೆಚ್ಚಿನವು "ಯಾವುದು ಸುರಕ್ಷಿತ" ಎಂಬಲ್ಲಿಂದ ಶುರುವಾಗುತ್ತವೆ. ಕೊಡಗಿನಲ್ಲಿ ಕೂತು ಆ್ಯಪ್ ಬರೆಯುವವನು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಬೇರೆ ಎರಡು. ಸರ್ವರಿನ ಉತ್ತರ ದಾರಿಯಲ್ಲಿ ಕಳೆದುಹೋದರೆ ಏನಾಗುತ್ತದೆ? ಪುನಃ ಲಾಗಿನ್ ಆಗಲು ಬಳಕೆದಾರ ಎಷ್ಟು ಪಾಡು ಪಡಬೇಕು? ಕೆಳಗಿನ ಹೋಲಿಕೆ ಆ ಎರಡನ್ನು ಹಿಡಿದು ಹೊರಟದ್ದು.

ಚೆಕ್‌ರೋಲ್ ಮತ್ತು ಸಹಿ ಹಾಕಿದ ಚೀಟಿ

ಆ್ಯಪ್ ಮತ್ತು ಸರ್ವರ್ ಮಾತಾಡುವ ನಿಯಮವಾದ ಎಚ್‌ಟಿಟಿಪಿಗೆ ನೆನಪಿಲ್ಲ. ಈಗ ಬಂದ ವಿನಂತಿ ಹಿಂದಿನ ವಿನಂತಿಯವನದೇ ಎಂದು ಅದಕ್ಕೆ ತಿಳಿಯದು, ಆದ್ದರಿಂದ ಪ್ರತಿ ಸಲವೂ ಗುರುತು ತೋರಿಸಬೇಕು. ಆ ಗುರುತಿನ ಅಕ್ಷರಸಾಲಿಗೇ ಟೋಕನ್ ಎನ್ನುವುದು, ಬ್ರೌಸರ್ ತಾನಾಗಿ ಇಟ್ಟುಕೊಂಡು ಕಳಿಸಿದರೆ ಅದು ಕುಕಿ. ಗುರುತಿನಲ್ಲಿ ಎರಡೇ ಜಾತಿ. ಒಂದು ಚೆಕ್‌ರೋಲ್ ಇದ್ದ ಹಾಗೆ: ಕೆಲಸಕ್ಕೆ ಬಂದವರು ತಮ್ಮ ನಂಬರ್ ಹೇಳುತ್ತಾರೆ, ರೈಟರ್ ಪುಸ್ತಕ ತೆರೆದು ನೋಡುತ್ತಾರೆ. ನಂಬರಿಗೆ ತನ್ನಷ್ಟಕ್ಕೆ ಅರ್ಥವಿಲ್ಲ, ಎಲ್ಲವೂ ಪುಸ್ತಕದಲ್ಲಿದೆ. ಇನ್ನೊಂದು ಸಾಹುಕಾರರ ಸಹಿ ಇರುವ ಚೀಟಿ: ಗೇಟಿನವನು ಸಹಿ ನೋಡಿ ಒಳಗೆ ಬಿಡುತ್ತಾನೆ, ಬಂಗಲೆಗೆ ಹೋಗಿ ಕೇಳಬೇಕಿಲ್ಲ. ಕೊಟ್ಟ ಚೀಟಿಯನ್ನು ವಾಪಸ್ ಪಡೆಯುವುದು ಮಾತ್ರ ಕಷ್ಟ.

ಸೆಶನ್ ಕುಕಿ ಮತ್ತು ಡೇಟಾಬೇಸಿನಲ್ಲಿಟ್ಟ ಸಾದಾ ಟೋಕನ್ ಮೊದಲ ಜಾತಿಯವು. ಜೆಡಬ್ಲ್ಯೂಟಿ, ಅಂದರೆ ಜೆಸನ್ ವೆಬ್ ಟೋಕನ್, ಎರಡನೆಯದು. ರಿಫ್ರೆಶ್ ಟೋಕನ್ ವ್ಯವಸ್ಥೆ ಎರಡನ್ನೂ ಬೆರೆಸಿ ಮಾಡಿದ್ದು.

ಸೆಶನ್ ಕುಕಿ: ವೆಬ್‌ಗೆ ಇದೇ ಸಾಕು

1994ರಲ್ಲಿ ನೆಟ್‌ಸ್ಕೇಪ್‌ನಲ್ಲಿ ಹುಟ್ಟಿದ ಕುಕಿ ಇವತ್ತಿಗೂ ಬ್ರೌಸರಿಗೆ ಅತ್ಯುತ್ತಮ ಆಯ್ಕೆ. ಸರ್ವರ್ ಹಾಕುವ ಕುಕಿಗೆ ಎಚ್‌ಟಿಟಿಪಿ‌ಓನ್ಲಿ, ಸೆಕ್ಯೂರ್, ಸೇಮ್‌ಸೈಟ್ ಎಂಬ ಮೂರು ಕಟ್ಟಳೆಯನ್ನೂ ಕೊಟ್ಟರೆ ಪುಟದಲ್ಲಿ ನುಸುಳಿದ ಕಳ್ಳ ಸ್ಕ್ರಿಪ್ಟಿಗೆ ಅದನ್ನು ಓದಲಾಗದು. ಟೋಕನ್ನನ್ನು ಬ್ರೌಸರಿನ ಲೋಕಲ್‌ಸ್ಟೋರೇಜಿನಲ್ಲಿ (ಸ್ಕ್ರಿಪ್ಟ್ ಬರೆದು ಓದುವ ಜಾಗ) ಇಡುವವರಿಗೆ ಈ ರಕ್ಷಣೆ ಇಲ್ಲ, ಜೊತೆಗೆ ಇನ್ನೊಂದು ತಲೆನೋವು: 2020ರಿಂದ ಸಫಾರಿಯು, ಬಳಕೆದಾರ ಏಳು ದಿನ ಬ್ರೌಸರ್ ಬಳಸಿಯೂ ನಿಮ್ಮ ಸೈಟನ್ನು ಮುಟ್ಟದಿದ್ದರೆ ಸ್ಕ್ರಿಪ್ಟ್ ಬರೆದಿಟ್ಟದ್ದನ್ನು ಅಳಿಸುತ್ತದೆ. ಹದಿನೈದು ದಿನಕ್ಕೊಮ್ಮೆ ಐಫೋನಿನಲ್ಲಿ ಲೆಕ್ಕ ನೋಡುವ ಸಾಹುಕಾರರು ಪ್ರತಿ ಸಲ ಲಾಗಿನ್ ಆಗುತ್ತಿದ್ದರೆ ಕಾರಣ ಇದೇ ಇರಬಹುದು. ಸರ್ವರೇ ಹಾಕಿದ ಕುಕಿಗೆ ಈ ಏಳು ದಿನದ ಕಟ್ಟು ಇಲ್ಲ. ಕ್ರೋಮ್ 2022ರಿಂದ ಯಾವ ಕುಕಿಗೂ 400 ದಿನಕ್ಕಿಂತ ಹೆಚ್ಚು ಆಯಸ್ಸು ಕೊಡುವುದಿಲ್ಲ. ಅದು ನಮಗೆ ಧಾರಾಳವಾಯಿತು.

ಕುಕಿಯ ಆಯಸ್ಸಿನಷ್ಟೇ ಸರ್ವರಿನಲ್ಲಿರುವ ಸೆಶನ್ನಿನ (ಲಾಗಿನ್ ದಾಖಲೆಯ) ಆಯಸ್ಸೂ ಮುಖ್ಯ. ವೆಬ್ ಬರೆಯುವ ಭಾಷೆಯಾದ ಪಿಎಚ್‌ಪಿಯಲ್ಲಿ ತಾನಾಗಿ ಇರುವ ಮಿತಿ 1440 ಸೆಕೆಂಡ್, ಅಂದರೆ 24 ನಿಮಿಷ. ಮಡಿಕೇರಿಯಲ್ಲಿ ಲಾಗಿನ್ ಆಗಿ ಬಸ್ಸು ಹತ್ತಿದವರು ಕುಶಾಲನಗರ ಮುಟ್ಟುವಷ್ಟರಲ್ಲಿ ಸೆಶನ್ ಹೋಗಿರಬಹುದು. ವೆಬ್ ಚೌಕಟ್ಟುಗಳಾದ ಲಾರಾವೆಲ್‌ನಲ್ಲಿ 120 ನಿಮಿಷ, ಜ್ಯಾಂಗೋದಲ್ಲಿ ಎರಡು ವಾರ. "ಕುಕಿಗೆ 30 ದಿನ ಕೊಟ್ಟಿದ್ದೇನೆ, ಆದರೂ ಲಾಗೌಟ್ ಆಗುತ್ತಿದೆ" ಎಂದು ಕೇಳುವವರಲ್ಲಿ ಹಲವರು ಈ ಎರಡನೇ ಅಂಕಿಯನ್ನು ನೋಡಿರುವುದೇ ಇಲ್ಲ.

ಮೊಬೈಲ್ ಆ್ಯಪಿನಲ್ಲೂ ಕುಕಿ ಬಳಸಬಹುದೇ? ಬಳಸಬಹುದು, ಆದರೆ ವಿನಂತಿ ಕಳಿಸಿಕೊಡುವ ಸಿದ್ಧ ಕೋಡಿಗೆ ಒಂದೊಂದು ಕಡೆ ಒಂದೊಂದು ಗುಣ. ಆಂಡ್ರಾಯ್ಡಿನ ಓಕೆಎಚ್‌ಟಿಟಿಪಿ ತಾನಾಗಿ ಯಾವ ಕುಕಿಯನ್ನೂ ಇಟ್ಟುಕೊಳ್ಳುವುದಿಲ್ಲ, ಕುಕಿ ಇಡುವ ಡಬ್ಬಿಯನ್ನು ನೀವೇ ಬರೆದುಕೊಡಬೇಕು. ಐಫೋನಿನ ಯುಆರ್‌ಎಲ್‌ಸೆಶನ್ ಹೇಳದೆಯೇ ಇಟ್ಟುಕೊಳ್ಳುತ್ತದೆ, ಆದರೆ ಕೊನೆ ದಿನಾಂಕ ಹಾಕದ ಕುಕಿ ಆ್ಯಪ್ ಮುಚ್ಚಿದೊಡನೆ ಮಾಯ. ಒಂದೇ ಕೋಡಿನಿಂದ ಎರಡೂ ಕಡೆಗೆ ಆ್ಯಪ್ ಮಾಡುವವರಿಗೆ ಇದು ಬೇಡದ ಕಾಟ. ನಾನು ಆ್ಯಪಿಗೆ ಕುಕಿ ಬಳಸುವುದಿಲ್ಲ.

ಜೆಡಬ್ಲ್ಯೂಟಿ: ಹೆಸರು ದೊಡ್ಡದು, ನಮಗೆ ಕೆಲಸ ಕಡಿಮೆ

ಹೊಸಬರು ಮೊದಲು ಕೈ ಹಾಕುವುದು ಇದಕ್ಕೇ. 2015ರಲ್ಲಿ ಆರ್‌ಎಫ್‌ಸಿ 7519 (ಆರ್‌ಎಫ್‌ಸಿ ಎಂದರೆ ಇಂಟರ್ನೆಟ್ಟಿನ ನಿಯಮ ಬರೆದ ದಾಖಲೆ) ಆಗಿ ಹೊರಬಂದ ಇದು ಚುಕ್ಕಿಯಿಂದ ಬೇರ್ಪಟ್ಟ ಮೂರು ತುಂಡಿನ ಒಂದು ಉದ್ದ ಸಾಲು: ತಲೆಬರಹ, ವಿಷಯ, ಸಹಿ. ವಿಷಯಕ್ಕೆ ಬೀಗವಿಲ್ಲ, ಸಹಿ ಮಾತ್ರ ಇದೆ. ಯಾರ ಕೈಗೆ ಸಿಕ್ಕರೂ ಬಿಡಿಸಿ ಓದಬಹುದು, ತಿದ್ದಲು ಮಾತ್ರ ಬರುವುದಿಲ್ಲ. ಕೂಲಿಯವರ ಫೋನ್ ನಂಬರನ್ನೋ ಆಧಾರ್ ನಂಬರನ್ನೋ ಒಳಗೆ ತುರುಕಿದವರಿದ್ದಾರೆ, ದಯವಿಟ್ಟು ಬೇಡ.

ಇದರ ಲಾಭ ಒಂದೇ. ಸರ್ವರ್ ಡೇಟಾಬೇಸ್ ನೋಡದೆ ಸಹಿ ಪರೀಕ್ಷಿಸಿ ಉತ್ತರ ಕೊಡಬಹುದು. ಹತ್ತಾರು ಸರ್ವರ್‌ಗಳು ಬೇರೆ ಬೇರೆ ಕಡೆ ಕೂತು ಕೋಟಿಗಟ್ಟಲೆ ವಿನಂತಿ ನೋಡುವಾಗ ಅದು ದೊಡ್ಡ ಉಳಿತಾಯ. ನಮ್ಮ ತೋಟದ ಆ್ಯಪಿಗೆ ಬಾಡಿಗೆಯ ಒಂದು ಸರ್ವರ್, ಅದರಲ್ಲೇ ಒಂದು ಡೇಟಾಬೇಸ್, ಕೆಲವು ನೂರು ಜನ ಬಳಕೆದಾರರು. ಒಂದು ಸಾಲು ಹುಡುಕಲು ಡೇಟಾಬೇಸಿಗೆ ಮಿಲಿಸೆಕೆಂಡೂ ಬೇಡ. ವಿನಂತಿ ನಾಪೋಕ್ಲಿನ ಬೆಟ್ಟ ಇಳಿದು ಬರಲು ಹಿಡಿಯುವ ಹೊತ್ತಿನ ಮುಂದೆ ಅದು ಏನೂ ಅಲ್ಲ.

ನಷ್ಟ ನೋಡಿ. ಕೊಯ್ಲಿನ ಮಧ್ಯೆ ರೈಟರ್ ಕೆಲಸ ಬಿಟ್ಟು ಹೋದರು, ಅಥವಾ ಫೋನ್ ಜೀಪಿನಲ್ಲಿ ಕಳೆಯಿತು. 90 ದಿನದ ಜೆಡಬ್ಲ್ಯೂಟಿ ಕೊಟ್ಟಿದ್ದರೆ 90 ದಿನವೂ ಅದು ನಡೆಯುವ ನಾಣ್ಯ. ರದ್ದು ಮಾಡಿದವುಗಳ ಪಟ್ಟಿ ಇಟ್ಟು ಪ್ರತಿ ಸಲ ನೋಡಬಹುದು, ಆದರೆ ಹಾಗೆ ಮಾಡಿದರೆ ಡೇಟಾಬೇಸ್ ನೋಡದೆ ಉಳಿಸಿದ್ದು ಏನು? ಸಹಿಯ ಕೀಲಿಯನ್ನೇ ಬದಲಿಸಿದರೆ ಎಲ್ಲ ತೋಟದ ಎಲ್ಲರೂ ಒಟ್ಟಿಗೆ ಹೊರಗೆ.

ಇನ್ನೊಂದು ಸಣ್ಣ ವಿಷಯ, ಮಳೆಗಾಲದ ಅನುಭವ. ಜೆಡಬ್ಲ್ಯೂಟಿಯೊಳಗೆ ಕೊನೆಯ ಸಮಯ ಬರೆದಿರುವುದರಿಂದ ಕೆಲವು ಆ್ಯಪ್‌ಗಳು ಫೋನಿನ ಗಡಿಯಾರ ನೋಡಿ "ಮುಗಿದಿದೆ" ಎಂದು ತಾವೇ ತೀರ್ಮಾನಿಸುತ್ತವೆ. ಎರಡು ದಿನ ಕರೆಂಟಿಲ್ಲದೆ ಬ್ಯಾಟರಿ ಪೂರ್ತಿ ಸತ್ತ ಹಳೇ ಫೋನು ಎದ್ದಾಗ ತಾರೀಖು ಎಲ್ಲೋ ಇರುತ್ತದೆ. ತೀರ್ಮಾನ ಸರ್ವರಿಗೆ ಬಿಡಿ, ಫೋನಿಗೆ ಬೇಡ. ತಾರೀಖು ತೀರಾ ತಪ್ಪಿದ್ದರೆ ಎಚ್‌ಟಿಟಿಪಿಎಸ್ ಪ್ರಮಾಣಪತ್ರವೇ ಒಪ್ಪಿಗೆಯಾಗದೆ ಸಂಪರ್ಕ ಬೀಳುತ್ತದೆ. ಆಗ "ಫೋನಿನ ತಾರೀಖು ಸರಿ ಮಾಡಿ" ಎಂದು ಹೇಳುವ ಒಂದು ಸಾಲನ್ನು ತೋರಿಸಿ, ಲಾಗಿನ್ ಪುಟವನ್ನಲ್ಲ.

ರಿಫ್ರೆಶ್ ಟೋಕನ್: ಒಳ್ಳೆಯ ಯೋಜನೆ, ಕೆಟ್ಟ ತಿರುವು

ಮೇಲಿನ ತೊಡಕಿಗೆ ಪೇಟೆಯ ಪರಿಹಾರ ಇದು. ಆ್ಯಪ್‌ಗಳಿಗೆ ಪರವಾನಗಿ ಕೊಡುವ ನಿಯಮವಾದ 2012ರ ಓಆತ್ 2.0ದಲ್ಲೇ ಇದೆ. ಕೆಲಸಕ್ಕೆ ಹದಿನೈದು ನಿಮಿಷದ ಆ್ಯಕ್ಸೆಸ್ ಟೋಕನ್, ಅದು ಮುಗಿದಾಗ ಹೊಸದು ತರಲು ದೀರ್ಘಾಯುಷ್ಯದ ರಿಫ್ರೆಶ್ ಟೋಕನ್. ಕದ್ದ ಆ್ಯಕ್ಸೆಸ್ ಟೋಕನ್ ಹದಿನೈದು ನಿಮಿಷದಲ್ಲಿ ಸತ್ತುಹೋಗುತ್ತದೆ, ರಿಫ್ರೆಶ್ ಟೋಕನ್ ಡೇಟಾಬೇಸಿನಲ್ಲಿರುವುದರಿಂದ ರದ್ದು ಮಾಡಬಹುದು.

ರಿಫ್ರೆಶ್ ಟೋಕನ್ನೇ ಕಳುವಾದರೆ? ಅದಕ್ಕೆ ಪ್ರತಿ ಸಲ ಬಳಸಿದಾಗಲೂ ಹಳೆಯದನ್ನು ಕೊಂದು ಹೊಸದು ಕೊಡಿ, ಸತ್ತದ್ದನ್ನು ಯಾರಾದರೂ ಮತ್ತೆ ತಂದರೆ ಕಳ್ಳತನ ಎಂದು ತಿಳಿದು ಆ ಇಡೀ ಸರಣಿಯನ್ನು ರದ್ದು ಮಾಡಿ ಎನ್ನುತ್ತಾರೆ. ಮೊಬೈಲ್ ಆ್ಯಪ್‌ನಂಥ, ಗುಟ್ಟು ಕಾಯಲಾಗದ ಕಡೆಗೆ ಒಂದೋ ಹೀಗೆ ಬದಲಿಸಿ, ಇಲ್ಲವೇ ಟೋಕನ್ನನ್ನು ಆ ಸಾಧನಕ್ಕೇ ಕಟ್ಟಿಹಾಕಿ ಎಂಬುದು 2025ರ ಜನವರಿಯಲ್ಲಿ ಬಂದ ಆರ್‌ಎಫ್‌ಸಿ 9700ರ ಮಾತೂ ಹೌದು. ನಾನು ಬದಲಿಸುವುದನ್ನೇ ಮಾಡಿದ್ದೆ. ರೈಟರನ್ನು ಹೊರಗೆ ಹಾಕಿದ್ದು ಇದೇ.

ಗೇಟಿನ ಹತ್ತಿರ ಒಂದು ಕಡ್ಡಿ ಬಂತು. ಆ್ಯಪ್ ರಿಫ್ರೆಶ್ ಟೋಕನ್ ಕಳಿಸಿತು. ಸರ್ವರ್ ಅದನ್ನು ಪಡೆದು, ಹಳೆಯದನ್ನು ಕೊಂದು, ಹೊಸದನ್ನು ಕಳಿಸಿತು. ಅಷ್ಟರಲ್ಲಿ ಬೈಕು ತಿರುವು ದಾಟಿತ್ತು. ಹೊಸದು ಫೋನಿಗೆ ಬರಲೇ ಇಲ್ಲ. ಮರುದಿನ ಸಂಜೆ ಆ್ಯಪ್ ತನ್ನ ಹತ್ತಿರವಿದ್ದ ಹಳೆಯದನ್ನೇ ಪುನಃ ಕೊಟ್ಟಿತು, ಬೇರೆ ಏನಿತ್ತು ಅದರ ಬಳಿ? ಸರ್ವರ್ ಕಳ್ಳ ಎಂದಿತು. ಸರ್ವರಿನ ದಾಖಲೆಯ (ಲಾಗ್) ಸಾಲುಗಳನ್ನು ಎದುರಿಗಿಟ್ಟುಕೊಂಡು ನೋಡಿದಾಗ ಎರಡು ವಿನಂತಿಗಳ ನಡುವೆ ಇಪ್ಪತ್ತಮೂರು ಗಂಟೆ ಚಿಲ್ಲರೆ ಅಂತರ. ಎರಡೂ ಒಂದೇ ಫೋನು.

ತಯಾರಾಗಿ ಸಿಗುವ ಲಾಗಿನ್ ಸೇವೆಗಳಲ್ಲಿ ಇದಕ್ಕೆ ಒಂದಿಷ್ಟು ಸೆಕೆಂಡ್ ರಿಯಾಯಿತಿ ಇಡುವ ಅವಕಾಶ ಇರುತ್ತದೆ, ಹಳೆಯದು ಸತ್ತ ಮೇಲೂ ಅಷ್ಟು ಹೊತ್ತು ಒಪ್ಪುತ್ತಾರೆ. ಬೆಂಗಳೂರಿನಲ್ಲಿ ಮೆಟ್ರೋ ಸುರಂಗದಿಂದ ಹೊರಬರುವವರಿಗೆ ಅದು ಸಾಕು. ಮುಂದಿನ ಟವರ್ ನಾಳೆ ಸಂಜೆ ಸಿಗುವವರಿಗೆ ಸಾಲದು.

ಸರಿಯಾದ ಮದ್ದು ಗಡಿಯಾರದಲ್ಲಿಲ್ಲ, ರಸೀದಿಯಲ್ಲಿದೆ. ಹೊಸ ಟೋಕನ್ ಕೊಟ್ಟೊಡನೆ ಹಳೆಯದನ್ನು ಕೊಲ್ಲಬೇಡಿ. ಹೊಸದನ್ನು ಫೋನು ಒಮ್ಮೆ ಬಳಸಿ ತೋರಿಸಲಿ, ಆಗ ಕೊಲ್ಲಿ. ಅಲ್ಲಿಯವರೆಗೆ ಹಳೆಯದು ಬಂದರೆ ಹಿಂದೆ ಕೊಟ್ಟ ಹೊಸದನ್ನು ತಳ್ಳಿಹಾಕಿ ಇನ್ನೊಂದು ಕೊಡಿ. ಹೊಸದು ಬಳಕೆಯಾದ ಮೇಲೂ ಹಳೆಯದು ಬಂತೆಂದರೆ ಅದು ನಿಜವಾದ ಅನುಮಾನ, ಆಗ ಸರಣಿ ರದ್ದು ಮಾಡಿ. ಡೇಟಾಬೇಸಿನಲ್ಲಿ ಒಂದು ಅಂಕಣ ಹೆಚ್ಚಾಗುತ್ತದೆ, ಅಷ್ಟೇ.

ಇದೇ ದಾರಿಯಲ್ಲಿ ಇನ್ನೆರಡು ಗುಂಡಿ. ಆ್ಯಪ್ ತೆರೆದೊಡನೆ ನಾಲ್ಕೈದು ವಿನಂತಿ ಒಟ್ಟಿಗೆ ಹೋಗಿ ಎಲ್ಲಕ್ಕೂ 401 (ಗುರುತು ಒಪ್ಪಿಲ್ಲ ಎಂಬ ಉತ್ತರ) ಬಂದರೆ, ಎಲ್ಲವೂ ಒಂದೇ ರಿಫ್ರೆಶ್ ಟೋಕನ್ ಹಿಡಿದು ಓಡುತ್ತವೆ. ಮೊದಲನೆಯದು ಗೆಲ್ಲುತ್ತದೆ, ಉಳಿದವು ಕಳ್ಳರಾಗುತ್ತವೆ. ರಿಫ್ರೆಶ್ ಕೆಲಸಕ್ಕೆ ಒಂದು ಬೀಗ ಹಾಕಿ, ಒಬ್ಬ ತರಲಿ, ಉಳಿದವರು ಕಾಯಲಿ. ಎರಡನೆಯದು ಇನ್ನೂ ಸಾಮಾನ್ಯ: ರಿಫ್ರೆಶ್ ವಿಫಲವಾದರೆ ಕಾರಣ ನೋಡದೆ ಲಾಗಿನ್ ಪುಟಕ್ಕೆ ತಳ್ಳುವುದು. ಸರ್ವರ್ "ನೀನು ಯಾರೋ ಗೊತ್ತಿಲ್ಲ" ಎಂದು ಬಾಯಿಬಿಟ್ಟು ಹೇಳುವುದು ಬೇರೆ, ಮಾತೇ ಆಡದಿರುವುದು ಬೇರೆ. ಟೈಮ್‌ಔಟ್, ಸರ್ವರ್ ಕೆಟ್ಟಿದೆ ಎನ್ನುವ 502, 503 ಯಾವುದೂ ಲಾಗೌಟ್ ಅಲ್ಲ. ವೈಫೈ ಬಳಸಲು ಮೊದಲು ಕೋಣೆ ನಂಬರ್ ಕೇಳುವ ರೆಸಾರ್ಟುಗಳಲ್ಲಿ ನಿಮ್ಮ ಸರ್ವರಿನ ಬದಲು ಅವರ ಪುಟವೇ ಉತ್ತರವಾಗಿ ಬರುತ್ತದೆ, ಅದನ್ನೂ ಲಾಗೌಟ್ ಎಂದು ಓದಬೇಡಿ.

ನಾನು ಕೊನೆಗೆ ಹಿಡಿದದ್ದು: ಫೋನಿಗೊಂದು ಸಾದಾ ಟೋಕನ್

ರಿಫ್ರೆಶ್ ಸರಣಿಯನ್ನು ರಿಪೇರಿ ಮಾಡಿದ ಮೇಲೆ ಒಂದು ಸಂಜೆ ಕೂತು ಯೋಚಿಸಿದೆ. ನನ್ನ ಆ್ಯಪ್ ಮಾತಾಡುವುದು ನನ್ನ ಸರ್ವರಿನ ಹತ್ತಿರ ಮಾತ್ರ. ಬೇರೆಯವರ ಆ್ಯಪಿಗೆ ನಾನು ಪರವಾನಗಿ ಕೊಡುತ್ತಿಲ್ಲ. ಹಾಗಾದರೆ ಎರಡು ಟೋಕನ್ ಏಕೆ?

ಈಗಿರುವುದು ಇಷ್ಟು. ಲಾಗಿನ್ ಆದಾಗ ಸರ್ವರ್ 32 ಬೈಟಿನ ಗೊತ್ತುಗುರಿಯಿಲ್ಲದ ಸಂಖ್ಯೆಯೊಂದನ್ನು ಹುಟ್ಟಿಸಿ ಫೋನಿಗೆ ಕೊಡುತ್ತದೆ. ಡೇಟಾಬೇಸಿನಲ್ಲಿ ಅದರ ಎಸ್‌ಎಚ್‌ಎ-256 ಹ್ಯಾಶ್ ಮಾತ್ರ ಇರುತ್ತದೆ, ಜೊತೆಗೆ ಬಳಕೆದಾರ, ಫೋನಿನ ಹೆಸರು, ಕೊನೆಗೆ ಬಳಸಿದ ದಿನ. ಡೇಟಾಬೇಸ್ ಸೋರಿದರೂ ಹ್ಯಾಶಿನಿಂದ ಟೋಕನ್ ಹೊರಡದು. ಕೊನೆಗೆ ಬಳಸಿದ ದಿನವನ್ನು ಪ್ರತಿ ವಿನಂತಿಗೂ ಬರೆಯುವುದಿಲ್ಲ, ದಿನಕ್ಕೊಮ್ಮೆ ಸಾಕು. ಸಾಹುಕಾರರ ವೆಬ್ ಪುಟದಲ್ಲಿ "ಒಳಗಿರುವ ಫೋನುಗಳು" ಎಂಬ ಪಟ್ಟಿ ಇದೆ. ರೈಟರ್ ಬದಲಾದರೆ ಆ ಸಾಲಿನ ಮುಂದಿನ ಗುಂಡಿ ಒತ್ತಿದರಾಯಿತು, ಮುಂದಿನ ವಿನಂತಿಗೇ ಬಾಗಿಲು ಮುಚ್ಚುತ್ತದೆ.

ಉತ್ತರ ಕಳೆದುಹೋದರೆ? ಏನೂ ಆಗುವುದಿಲ್ಲ. ಟೋಕನ್ ಬದಲಾಗುತ್ತಲೇ ಇಲ್ಲವಲ್ಲ. ನಮ್ಮ ಬೆಟ್ಟಗಳಿಗೆ ಇದಕ್ಕಿಂತ ದೊಡ್ಡ ಗುಣ ಬೇಡ.

ಕದ್ದ ಟೋಕನ್ ತನ್ನಿಂದ ತಾನೇ ಬೇಗ ಸಾಯುವುದಿಲ್ಲ ಎಂಬುದು ಇದರ ದೌರ್ಬಲ್ಯ, ಮುಚ್ಚಿಡುವುದಿಲ್ಲ. ಹಣ ಕೈ ಬದಲಿಸುವ ಆ್ಯಪ್ ಆಗಿದ್ದರೆ ನಾನು ರಿಫ್ರೆಶ್ ಟೋಕನ್ನನ್ನೇ ಹಿಡಿಯುತ್ತಿದ್ದೆ, ರಸೀದಿಯ ತಿದ್ದುಪಡಿ ಸಮೇತ. ಗೂಗಲ್ ಅಥವಾ ಆಪಲ್ ಲಾಗಿನ್ ಮೂಲಕವೇ ಎಲ್ಲ ನಡೆಯಬೇಕು, ಹಲವು ಆ್ಯಪ್‌ಗಳಿಗೆ ಒಂದೇ ಲಾಗಿನ್ ಬೇಕು ಎಂದರೂ ಅದೇ. ತೂಕ, ಹಾಜರಿ, ಹೋಮ್‌ಸ್ಟೇ ಕೋಣೆ ಲೆಕ್ಕ ಇವಕ್ಕೆ ಸಾದಾ ಟೋಕನ್ನೇ ಸರಿ.

ಆಯಸ್ಸು ಎಷ್ಟಿರಬೇಕು? ಬಳಸುತ್ತಿರುವಷ್ಟು ದಿನ ಮುಂದೆ ಸರಿಯುವ ಮಿತಿ ಇಡಿ. ಏಳು ದಿನ ಎನ್ನುವವರು 2018ರ ಆಗಸ್ಟನ್ನು ನೆನಪಿಸಿಕೊಳ್ಳಲಿ. ಗುಡ್ಡ ಕುಸಿದು ಜೋಡುಪಾಲ, ಮಕ್ಕಂದೂರು ಕಡೆ ದಾರಿಯೂ ಸಂಪರ್ಕವೂ ದಿನಗಟ್ಟಲೆ ಇರಲಿಲ್ಲ. ನಾನು 120 ದಿನ ಇಟ್ಟಿದ್ದೇನೆ. ಅರೇಬಿಕಾ ನವೆಂಬರಿನಲ್ಲಿ ಶುರುವಾಗಿ ರೊಬಸ್ಟಾ ಮಾರ್ಚಿಗೆ ಮುಗಿಯುವವರೆಗೆ ಯಾರೂ ಹೊರಬೀಳುವುದಿಲ್ಲ, ಮುಂದಿನ ಕೊಯ್ಲಿಗೆ ಒಮ್ಮೆ ಹೊಸದಾಗಿ ಲಾಗಿನ್ ಆಗುತ್ತಾರೆ.

ಆ ಒಂದು ಲಾಗಿನ್ನಿಗೆ ಎಸ್‌ಎಂಎಸ್ ಒಟಿಪಿಯನ್ನೇ ನೆಚ್ಚಿಕೊಳ್ಳಬೇಡಿ. ಮನೆಯಲ್ಲಿ ಫೈಬರ್ ಬಂದು ವೈಫೈ ಇದ್ದರೂ ಟವರ್ ಇಲ್ಲದ ಕಾರಣ ಎಸ್‌ಎಂಎಸ್ ಬಾರದ ಮನೆಗಳು ನಮ್ಮಲ್ಲಿ ಎಷ್ಟೋ. ಈಗ ಸಾಹುಕಾರರು ತಮ್ಮ ವೆಬ್ ಪುಟದಲ್ಲಿ ಐದು ನಿಮಿಷ ಬಾಳುವ ಕ್ಯೂಆರ್ ತೆರೆಯುತ್ತಾರೆ, ರೈಟರ್ ಸ್ಕ್ಯಾನ್ ಮಾಡುತ್ತಾರೆ. ಬೆಂಗಳೂರಿನಲ್ಲಿದ್ದರೆ ಅದೇ ಪುಟದ ಎಂಟಂಕಿ ಓದಿ ಹೇಳುತ್ತಾರೆ. ಸಾಹುಕಾರರ ಸ್ವಂತ ಲಾಗಿನ್ನಿಗೆ ಪಾಸ್‌ಕೀ (ಫೋನಿನ ಬೀಗ ತೆರೆದೇ ಲಾಗಿನ್ ಆಗುವ ಕೀಲಿ) ಇದೆ, ಅದಕ್ಕೆ ಎಸ್‌ಎಂಎಸ್ಸೇ ಬೇಕಿಲ್ಲ.

ಟೋಕನ್ನನ್ನು ಫೋನಿನಲ್ಲಿ ಎಲ್ಲಿ ಇಡುವುದು

ಗುಟ್ಟು ಇಡಲೆಂದೇ ಇರುವ ಜಾಗದಲ್ಲಿ: ಐಫೋನಿನಲ್ಲಿ ಕೀಚೈನ್, ಆಂಡ್ರಾಯ್ಡಿನಲ್ಲಿ ಕೀಸ್ಟೋರ್ ಕೀಲಿಯಿಂದ ಮುಚ್ಚಿದ ಕಡತ. ಚರ್ಚೆ ಬೇಡ. ಎರಡು ಎಚ್ಚರ ಸಾಕು. ಆ್ಯಪ್ ತೆಗೆದುಹಾಕಿದರೂ ಕೀಚೈನಿನಲ್ಲಿದ್ದದ್ದು ಉಳಿದಿರುತ್ತದೆ, ಹೊಸದಾಗಿ ಹಾಕಿಕೊಂಡವರು ಹಳೆಯ ರೈಟರ್ ಆಗಿ ಒಳಗೆ ಹೋಗಬಾರದು. ಆಂಡ್ರಾಯ್ಡಿನಲ್ಲಿ ಆಟೊ ಬ್ಯಾಕಪ್ ಆ ಕಡತವನ್ನು ಹೊಸ ಫೋನಿಗೆ ತರುತ್ತದೆ, ಕೀಲಿಯನ್ನು ತರುವುದಿಲ್ಲ. ತೆರೆಯಲಾಗದ ಪೆಟ್ಟಿಗೆ ಕಂಡು ಆ್ಯಪ್ ಬೀಳುತ್ತದೆ. ಬ್ಯಾಕಪ್ಪಿನಿಂದ ಆ ಕಡತವನ್ನು ಹೊರಗಿಡಿ.

ಕಳಿಸಬೇಕಾದ ಲೆಕ್ಕವನ್ನು ಟೋಕನ್ನಿನ ಜೊತೆ ಕಟ್ಟಬೇಡಿ. ಟೋಕನ್ ಹೋದರೂ ತೂಕದ ಸಾಲುಗಳು ಫೋನಿನಲ್ಲೇ ಇರಲಿ, ಅದೇ ಬಳಕೆದಾರ ಮರಳಿ ಬಂದಾಗ ಹೋಗಲಿ. ಪ್ರತಿ ಸಾಲಿಗೂ ಫೋನಿನಲ್ಲೇ ಹುಟ್ಟಿದ ಗುರುತು ಇದ್ದರೆ, ಉತ್ತರ ಕಳೆದು ಎರಡು ಸಲ ಕಳಿಸಿದರೂ ಸರ್ವರಿನಲ್ಲಿ ಒಂದೇ ದಾಖಲಾಗುತ್ತದೆ. ಇಲ್ಲವಾದರೆ ಒಬ್ಬರ 62 ಕಿಲೋ 124 ಆಗುತ್ತದೆ. ಆಗ ದೂರು ಯಾರೂ ಕೊಡುವುದಿಲ್ಲ, ಅದೇ ಅಪಾಯ.

ಆ್ಯಪಿನಿಂದ ವೆಬ್ ಪುಟಕ್ಕೆ ದಾಟುವಾಗ

ತಿಂಗಳ ವರದಿ ವೆಬ್‌ನಲ್ಲಿ ಮಾತ್ರ ಇದೆ, ಆ್ಯಪಿನ ಗುಂಡಿ ಒತ್ತಿದರೆ ಅದು ತೆರೆಯಬೇಕು, ಪುನಃ ಲಾಗಿನ್ ಕೇಳಬಾರದು. ಇಲ್ಲಿ ಹಲವರು ಟೋಕನ್ನನ್ನು ವಿಳಾಸದ ಬಾಲಕ್ಕೆ ಅಂಟಿಸಿ ಕಳಿಸುತ್ತಾರೆ. ವಿಳಾಸವು ಬ್ರೌಸರಿನ ಇತಿಹಾಸದಲ್ಲಿ, ಸರ್ವರಿನ ದಾಖಲೆಯಲ್ಲಿ ಉಳಿಯುತ್ತದೆ. ಯಾರೋ ಅದನ್ನು ಹಾಗೇ ವಾಟ್ಸ್‌ಆ್ಯಪಿನಲ್ಲಿ ಹಂಚಿದರೆ 120 ದಿನದ ಬಾಗಿಲು ತೆರೆದಂತೆ.

ಬದಲು ಆ್ಯಪ್ ತನ್ನ ಟೋಕನ್ ತೋರಿಸಿ ಸರ್ವರಿನಿಂದ ಒಂದೇ ಸಲ ನಡೆಯುವ, ಒಂದು ನಿಮಿಷದ ಸಂಕೇತ ಪಡೆಯಲಿ. ಆ ಸಂಕೇತದೊಂದಿಗೆ ಪುಟ ತೆರೆಯಲಿ, ಸರ್ವರ್ ಅದನ್ನು ಅಳಿಸಿ ಮಾಮೂಲಿ ಸೆಶನ್ ಕುಕಿ ಹಾಕಿ ಸಂಕೇತವಿಲ್ಲದ ವಿಳಾಸಕ್ಕೆ ತಿರುಗಿಸಲಿ. ಉತ್ತರ ದಾರಿಯಲ್ಲಿ ಹೋದರೆ ಗುಂಡಿ ಮತ್ತೊಮ್ಮೆ ಒತ್ತಿದರಾಯಿತು, ಕೆಟ್ಟದ್ದೇನೂ ಆಗದು. ಪುಟವನ್ನು ಕಸ್ಟಮ್ ಟ್ಯಾಬ್‌ನಲ್ಲಿ, ಅಂದರೆ ಆ್ಯಪಿನ ಮೇಲೇ ಕಾಣಿಸುವ ಬ್ರೌಸರಿನಲ್ಲಿ, ತೆರೆದರೆ ಕುಕಿ ಬ್ರೌಸರಿನ ಡಬ್ಬಿಯಲ್ಲಿ ಕೂರುತ್ತದೆ, ಆಮೇಲೆ ಕ್ರೋಮಿನಲ್ಲಿ ನೇರವಾಗಿ ತೆರೆದರೂ ಲಾಗಿನ್ ಇರುತ್ತದೆ. ಆ್ಯಪಿನೊಳಗಿನ ವೆಬ್‌ವ್ಯೂಗೆ ಬೇರೆಯದೇ ಡಬ್ಬಿ. ಗೂಗಲ್‌ನಂಥ ಹೊರಗಿನ ಲಾಗಿನ್ ಪುಟವನ್ನು ವೆಬ್‌ವ್ಯೂನಲ್ಲಿ ತೆರೆಯಲೇಬೇಡಿ, 2017ರ ಆರ್‌ಎಫ್‌ಸಿ 8252 ಹೇಳುವುದೂ ಅದನ್ನೇ. ಆ್ಯಪಿನೊಳಗೆ ಬೆರಳೊತ್ತಿದ ಪಾಸ್‌ವರ್ಡನ್ನು ಆ್ಯಪ್ ಓದಿಕೊಳ್ಳಬಹುದಲ್ಲ.

ಪರೀಕ್ಷೆ

ಯಾವುದನ್ನು ಆರಿಸಿದರೂ ವಿಮಾನ ಮೋಡ್ ಹಾಕಿ ನೋಡಿದ್ದು ಪರೀಕ್ಷೆಯಲ್ಲ. ಆಗ ವಿನಂತಿಯೇ ಹೋಗುವುದಿಲ್ಲ. ನಮಗೆ ಬೇಕಾದದ್ದು ವಿನಂತಿ ತಲುಪಿ ಉತ್ತರ ಬಾರದಿರುವ ಸ್ಥಿತಿ. ಪರೀಕ್ಷೆಯ ಸರ್ವರಿನಲ್ಲಿ ಒಂದು ಸ್ವಿಚ್ ಇಡಿ: ಕೆಲಸವೆಲ್ಲ ಮುಗಿಸಿ, ಡೇಟಾಬೇಸಿನಲ್ಲಿ ಬರೆದು, ಉತ್ತರ ಕಳಿಸುವ ಮೊದಲು ಸಂಪರ್ಕ ಕತ್ತರಿಸುವಂಥದ್ದು. ಅದನ್ನು ಹಾಕಿ ಆ್ಯಪಿನಲ್ಲಿ ಐದು ತೂಕ ಬರೆಯಿರಿ, ಕಳಿಸಿ. ಆ್ಯಪ್ ಮುಚ್ಚಿ, ಫೋನ್ ಆಫ್ ಮಾಡಿ, ಮರುದಿನ ತಾರೀಖನ್ನು ಒಂದು ವರ್ಷ ಹಿಂದಿಟ್ಟು ತೆರೆಯಿರಿ. ಲಾಗಿನ್ ಪುಟದ ಬದಲು ತಾರೀಖಿನ ಸಾಲು ಕಾಣಬೇಕು. ತಾರೀಖು ಸರಿ ಮಾಡಿ, ಸ್ವಿಚ್ ತೆಗೆದು, ಸರ್ವರಿನಲ್ಲಿ ಐದೇ ಸಾಲು ಇವೆಯೇ, ಆರಾಗಿಲ್ಲವಷ್ಟೇ ಎಂದು ಎಣಿಸಿ.